ಕೌಂಟರ್ ಮಾತು: ಸಿಟಿಯೋ, ಸಿಯಾಜೋ?

ರಾಯಚೂರಿನಲ್ಲಿ ವಾಹನ ಬಿಡಿಭಾಗಗಳ ಅಂಗಡಿ ನಡೆಸುವ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಾನು ಸಿಂಧನೂರಿನವನು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಶಾಲೆ 18 ಕಿ.ಮೀ. ದೂರ. ಹನ್ನೊಂದು ವರ್ಷ ಬೈಕಿನಲ್ಲೇ ಓಡಾಡಿ ಸೊಂಟ ಕೈಕೊಟ್ಟಿದೆ. ಮನೆಯಲ್ಲಿ ಹೆಂಡತಿ, ಮೊಣಕಾಲು ನೋವಿನ ತಾಯಿ, ಬೆಂಗಳೂರಿನಲ್ಲಿ ಓದುವ ಮಗಳು. ಒಟ್ಟು 7 ಲಕ್ಷ ಹೊಂದಿಸಿದ್ದೇನೆ. ಎರಡು ಹಳೆಯ ಕಾರು ನೋಡಿದ್ದೇನೆ. ಒಂದು 2018ರ ಹೋಂಡಾ ಸಿಟಿ ವಿಎಕ್ಸ್, ಪೆಟ್ರೋಲ್, ಮ್ಯಾನುಯಲ್, 62,000 ಕಿ.ಮೀ., ಹೈದರಾಬಾದಿನ ಗಾಡಿ, 6.60 ಲಕ್ಷ ಹೇಳುತ್ತಾರೆ. ಇನ್ನೊಂದು 2019ರ ಮಾರುತಿ ಸಿಯಾಜ್ ಆಲ್ಫಾ, ಅದೂ ಪೆಟ್ರೋಲ್ ಮ್ಯಾನುಯಲ್, 81,000 ಕಿ.ಮೀ., ಕೊಪ್ಪಳದ ಗಾಡಿ, 6.90 ಲಕ್ಷ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಪಕ್ಷವಾಗಿವೆ. 'ಹೋಂಡಾ ಎಂಜಿನ್‌ಗೆ ಸಾವಿಲ್ಲ' ಅನ್ನುವವರು ಅರ್ಧ, 'ರಿಪೇರಿಗೆ ಬಂದರೆ ಹೊಲ ಮಾರಬೇಕಾದೀತು, ಮಾರುತಿ ತಗೋ' ಅನ್ನುವವರು ಅರ್ಧ. ಬಾಳಿಕೆ, ರಿಪೇರಿ ಖರ್ಚು, ಸೌಲಭ್ಯ ಮೂರನ್ನೂ ನೋಡಿ ಹೇಳಿ.

ಉತ್ತರ: ಮಾಸ್ತರ್ರೇ, ನಿಮ್ಮ ಪತ್ರ ನಾಲ್ಕು ದಿನದಿಂದ ನನ್ನ ಕೌಂಟರಿನ ಗಾಜಿನ ಕೆಳಗಿದೆ. ಬಂದ ಗಿರಾಕಿಗಳೆಲ್ಲ ಓದಿ ತಮ್ಮ ತಮ್ಮ ತೀರ್ಪು ಕೊಟ್ಟು ಹೋದರು. ನನ್ನದನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ನಿಮಗೆ ಸಿಯಾಜ್. ನೀವು ನೋಡಿರುವ ಆ ಕೊಪ್ಪಳದ ಸಿಯಾಜೇ ಆಗಬಹುದು, ಆದರೆ 6.90ಕ್ಕೆ ಖಂಡಿತ ಬೇಡ.

ನಮ್ಮಪ್ಪ ಈ ಅಂಗಡಿಯಲ್ಲಿ ಎರಡು ಪುಸ್ತಕ ಇಟ್ಟಿದ್ದರು. ಒಂದು ಉದ್ರಿ ಪುಸ್ತಕ, ಅದು ಎಲ್ಲರಲ್ಲೂ ಇರುತ್ತದೆ. ಇನ್ನೊಂದಕ್ಕೆ ಅವರು 'ಇಲ್ಲ ಪುಸ್ತಕ' ಅನ್ನುತ್ತಿದ್ದರು. ಗಿರಾಕಿ ಕೇಳಿದ ಸಾಮಾನು ನಮ್ಮಲ್ಲಿ ಇಲ್ಲದಿದ್ದರೆ, ಬಾಯಲ್ಲಿ ಇಲ್ಲ ಅನ್ನುವುದಕ್ಕೆ ಮೊದಲು ಅದನ್ನು ಬರೆಯಬೇಕು. ಯಾವ ಗಾಡಿ, ಯಾವ ವರ್ಷದ್ದು, ಏನು ಸಾಮಾನು, ಹೈದರಾಬಾದಿನಿಂದ ತರಿಸಿದರೆ ಎಷ್ಟನೇ ದಿನ ಕೈಗೆ ಬಂತು. ಅಪ್ಪ ಹೋದ ಮೇಲೆ ನಾನೂ ಬಿಡದೆ ಬರೆಯುತ್ತ ಬಂದಿದ್ದೇನೆ. ನಿಮ್ಮ ಪ್ರಶ್ನೆಗೆ ನಾನು ತೆರೆದದ್ದು ಅದೇ ಪುಸ್ತಕ.

ಅದರಲ್ಲಿ ಈ ಎರಡೂ ಕಾರುಗಳ ಎಂಜಿನ್ ಸಾಮಾನು ಹುಡುಕಿದರೆ ಪುಟ ತಿರುವುತ್ತಲೇ ಇರಬೇಕು, ಸಿಗುವುದೇ ಅಪರೂಪ. ಹೋಂಡಾದ 1.5 ಲೀಟರ್ ಐ-ವಿಟೆಕ್ ಎಂಜಿನ್ನೂ, ಸಿಯಾಜ್‌ಗೆ 2018ರ ಆಗಸ್ಟ್‌ನಲ್ಲಿ ಬಂದ 1.5 ಲೀಟರ್ ಕೆ15 ಎಂಜಿನ್ನೂ ಗಟ್ಟಿಮುಟ್ಟು. ಎರಡರಲ್ಲೂ ಟೈಮಿಂಗ್‌ಗೆ, ಎಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಲು, ಇರುವುದು ಚೈನು, ಬೆಲ್ಟ್ ಅಲ್ಲ, ಹಾಗಾಗಿ ಲಕ್ಷ ಕಿ.ಮೀ. ಹತ್ತಿರ ಬಂತು ಬೆಲ್ಟ್ ಬದಲಿಸಬೇಕು ಎನ್ನುವ ತಲೆಬಿಸಿ ಇಲ್ಲ. ಸಿಟಿಯ ಎಂಜಿನ್ನಿಗೆ ಒಂದೇ ಒಂದು ಕೆಲಸ ಹೆಚ್ಚು. ಅದರ ವಾಲ್ವ್‌ಗಳ ಸಂದು ಸ್ಕ್ರೂ ತಿರುಗಿಸಿ ಸರಿಮಾಡುವಂಥದ್ದು, 40,000 ಕಿ.ಮೀ.ಗೊಮ್ಮೆ ನೋಡಿಸಬೇಕು. ಟಿಕ್‌ಟಿಕ್ ಅನ್ನುವ ತನಕ ಯಾರೂ ನೋಡಿಸುವುದಿಲ್ಲ. ಪಕ್ಕದಲ್ಲೇ ಗ್ಯಾರೇಜ್ ಇಟ್ಟಿರುವ ನನ್ನ ತಮ್ಮ ಹೇಳುವುದು, 'ಹೋಂಡಾ ಮಾಲಕರು ಎಂಜಿನ್ ಹೊಗಳ್ತಾರ, ಅದರ ಮುಚ್ಚಳ ಒಮ್ಮೆಯೂ ತೆಗಸೋದಿಲ್ಲ.'

ಆದ್ದರಿಂದ ನಿಮ್ಮ ಸ್ಟಾಫ್ ರೂಮಿನ ಹೋಂಡಾ ಪಕ್ಷದವರು ಹೇಳುವುದು ಸುಳ್ಳಲ್ಲ. ಅವರು ಎಂಜಿನ್ ಸಾಯುವುದಿಲ್ಲ ಎಂದು ನೋಡುತ್ತಾರೆ, ನಾನು ಎಂಜಿನ್ ಸುತ್ತ ಏನೇನು ಸಾಯುತ್ತದೆ ಎಂದು ನೋಡುತ್ತೇನೆ. ಇಲ್ಲ ಪುಸ್ತಕದಲ್ಲಿ ಸಿಟಿಯ ಹೆಸರಲ್ಲಿರುವುದು ಸೈಡ್ ಮಿರರ್, ಹೆಡ್‌ಲೈಟ್, ಬಂಪರ್ ಕ್ಲಿಪ್ಪು, ಎಸಿ ಪೈಪು, ಲೋಯರ್ ಆರ್ಮ್ ಬುಷ್. ಯಾವುದೂ ಭಾರಿ ಸಾಮಾನಲ್ಲ, ಆದರೆ ಬರಲು ದಿನ ಹಿಡಿಯುತ್ತವೆ. ರಾಯಚೂರಿನಲ್ಲಿ ಎಲ್ಲ ಸೇರಿ ಎಷ್ಟು ಸಿಟಿ ಓಡುತ್ತವೆ ಹೇಳಿ? ಅಷ್ಟಕ್ಕೆ ನಾನು ದುಡ್ಡು ಹಾಕಿ ಸರಕು ತುಂಬಿಡಲಾರೆ. ಸಿಯಾಜ್‌ನ ಕೆ15 ಎಂಜಿನ್ ಮಾರುತಿಯದೇ ಎರ್ಟಿಗಾದಲ್ಲೂ ಇದೆ, ಎಕ್ಸ್‌ಎಲ್6ರಲ್ಲೂ ಇದೆ, 2020ರ ಬ್ರೆಜಾದಲ್ಲೂ ಬಂತು. ಬಾಡಿಗೆಗೆ ಓಡುವ ಎರ್ಟಿಗಾಗಳ ದಯದಿಂದ ಅದರ ಫಿಲ್ಟರ್, ವಾಟರ್ ಪಂಪ್, ಕ್ಲಚ್ ಪ್ಲೇಟು ನನ್ನ ರ್‍ಯಾಕಿನಲ್ಲಿ ಯಾವಾಗಲೂ ಇರುತ್ತವೆ. ನಿಮ್ಮ ಸಿಂಧನೂರಿನ ಅಂಗಡಿಯವರಲ್ಲೂ ಇರುತ್ತವೆ.

ಸಿಯಾಜ್ ಪರ ಹೇಳುತ್ತಲೇ ಅದಕ್ಕೆ ವಿರೋಧದ ಮಾತೂ ಒಂದಿದೆ, ಮುಚ್ಚಿಡುವುದಿಲ್ಲ. 2014ರಲ್ಲಿ ಬಂದ ಸಿಯಾಜ್ 2025ರ ಏಪ್ರಿಲ್‌ನಲ್ಲಿ ನಿಂತೇಹೋಯಿತು. ಎಂಜಿನ್ ಸಾಮಾನಿಗೆ ಭಯವಿಲ್ಲ, ಆದರೆ ಬಾಗಿಲು, ಬಾನೆಟ್ಟು, ಗ್ರಿಲ್ಲು, ಹೆಡ್‌ಲೈಟ್ ಬೇರೆ ಯಾವ ಗಾಡಿಯದ್ದೂ ಕೂರುವುದಿಲ್ಲ. ಮುಂದಿನ ಐದಾರು ವರ್ಷದಲ್ಲಿ ಅವು ನನ್ನ ಪುಸ್ತಕಕ್ಕೆ ಏರುತ್ತವೆ. ಹೋಂಡಾದಲ್ಲಿ ಸಿಟಿ ಎಂಬ ಹೆಸರು ಇನ್ನೂ ನಡೆಯುತ್ತಿದೆ, ಆದರೆ 2020ರ ಜುಲೈನಲ್ಲಿ ಬಂದ ಹೊಸ ಸಿಟಿಯ ತಗಡು ನಿಮ್ಮ 2018ರದ್ದಕ್ಕೆ ಬರುವುದಿಲ್ಲ. ಆ ಲೆಕ್ಕದಲ್ಲಿ ಇಬ್ಬರೂ ಒಂದೇ ದೋಣಿಯವರು.

ಖರ್ಚಿಗೆ ಬರೋಣ. ನಮ್ಮ ಕಡೆ ಹೊರಗಿನ ಗ್ಯಾರೇಜಿನಲ್ಲಿ ಸಿಯಾಜ್ ಪೆಟ್ರೋಲಿನ ಸಾಧಾರಣ ಸರ್ವೀಸು, ಎಂದರೆ ಆಯಿಲ್ಲು, ಫಿಲ್ಟರುಗಳು, ಬ್ರೇಕ್ ಸಾಫು, ಕೂಲಿ, ಎಲ್ಲ ಸೇರಿ ಐದಾರು ಸಾವಿರದಲ್ಲಿ ಮುಗಿಯುತ್ತದೆ. ಸಿಟಿಗೆ ಅದೇ ಕೆಲಸಕ್ಕೆ ಸಾವಿರವೋ ಎರಡು ಸಾವಿರವೋ ಹೆಚ್ಚು. ಇದನ್ನೇ ಹಿಡಿದು 'ಹೊಲ ಮಾರಬೇಕು' ಅನ್ನುವುದು ದೊಡ್ಡ ಮಾತಾಯಿತು. ನಿಜವಾದ ವ್ಯತ್ಯಾಸ ಬರುವುದು ಕ್ಲಚ್, ಶಾಕ್ ಅಬ್ಸಾರ್ಬರ್, ಎಸಿ ಹೀಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಕೆಲಸಗಳಲ್ಲಿ, ಮತ್ತೆ ಪ್ರತಿದಿನ ಸುಡುವ ಪೆಟ್ರೋಲಿನಲ್ಲಿ. ನೀವು ಗಣಿತದ ಮಾಸ್ತರ್ರು, ಆದರೂ ಲೆಕ್ಕ ನಾನೇ ಮಾಡಿದ್ದೇನೆ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ತಿಂಗಳಿಗೆ ಸಾವಿರ ಕಿ.ಮೀ. ಅಂದುಕೊಳ್ಳಿ. ಕಂಪನಿಯವರು ಬರೆಯುವ ಮೈಲೇಜು ಸಿಯಾಜ್‌ಗೆ 20ರ ಮೇಲೆ, ಸಿಟಿ ಮ್ಯಾನುಯಲ್‌ಗೆ 17.4. ನಮ್ಮ ರಸ್ತೆ, ನಮ್ಮ ಬಿಸಿಲು, ನಿಲ್ಲದ ಎಸಿ ಲೆಕ್ಕ ಹಾಕಿ ಸಿಯಾಜ್‌ಗೆ ಹದಿನಾರೂವರೆ, ಸಿಟಿಗೆ ಹದಿನಾಲ್ಕು ಹಿಡಿದರೆ, ವರ್ಷಕ್ಕೆ 130 ಲೀಟರ್ ಹೆಚ್ಚುಕಡಿಮೆ. ಲೀಟರಿಗೆ 103 ರೂಪಾಯಿಯಂತೆ ಹದಿಮೂರು ಸಾವಿರದ ಮೇಲೆ. ಎರಡು ಸರ್ವೀಸಿನ ದುಡ್ಡು ಬಂಕಿನಲ್ಲೇ ಉಳಿಯಿತು.

ಈಗ ಯಾವ ಜಾಹೀರಾತೂ ಹೇಳದ ವಿಷಯ. ನಿಮ್ಮ 18 ಕಿ.ಮೀ. ದಾರಿಯಲ್ಲಿ ರಾಶಿ, ಅಂದರೆ ಒಕ್ಕಣೆ, ಎಲ್ಲಿ ನಡೆಯುತ್ತದೆ, ಹೇಳಿ? ರಸ್ತೆಯ ಮೇಲೆ. ನವೆಂಬರ್ ಬಂತೆಂದರೆ ಭತ್ತದ ಹುಲ್ಲು, ಆಮೇಲೆ ತೊಗರಿ ಕಟ್ಟಿಗೆ, ಆಮೇಲೆ ಜೋಳ. ವಾಹನದ ಗಾಲಿಯೇ ರೈತನಿಗೆ ರೋಣಗಲ್ಲು. ಅವರನ್ನು ಬೈಯುವ ಹಕ್ಕು ನನಗಿಲ್ಲ, ಕಣ ಮಾಡಿಕೊಳ್ಳಲು ಜಾಗ ಎಲ್ಲಿದೆ? ಆದರೆ ಇವೆರಡರಂಥ, ಹಿಂದೆ ಡಿಕ್ಕಿ ಚಾಚಿದ ಸೆಡಾನ್ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವುದು ಒಂದು ಗೇಣು. ಸಿಯಾಜ್‌ಗೆ 170 ಮಿ.ಮೀ., ಸಿಟಿಗೆ 165. ಐದು ಮಿ.ಮೀ. ವ್ಯತ್ಯಾಸ ಅಂದರೆ ಲೆಕ್ಕಕ್ಕೇ ಇಲ್ಲ, ಯಾವುದನ್ನು ಕೊಂಡರೂ ಇದು ನಿಮಗೆ ತಪ್ಪಿದ್ದಲ್ಲ.

ನನಗೇ ಆದದ್ದು ಹೇಳುತ್ತೇನೆ. ಲಿಂಗಸುಗೂರಿಗೆ ಮದುವೆಗೆ ಹೊರಟಿದ್ದೆ, ನಾನೇ ಓಡಿಸುತ್ತಿದ್ದೆ. ಆಗ ನನ್ನಲ್ಲಿದ್ದದ್ದೂ ಒಂದು ಸೆಡಾನೇ, ಹೆಸರು ಬೇಡ, ತಪ್ಪು ಕಾರಿನದಲ್ಲ. ರಸ್ತೆ ತುಂಬ ಹುಲ್ಲು ಹಾಸಿದ್ದರು, ನಿಧಾನ ಮಾಡದೆ ದಾಟಿಬಿಟ್ಟೆ. ಒಂದೆರಡು ಕಿ.ಮೀ. ಆದ ಮೇಲೆ ಸ್ಟೇರಿಂಗ್ ಕೈಯಲ್ಲಿ ಸಣ್ಣಗೆ ನಡುಗತೊಡಗಿತು. ಗೋಧಿ ಪಾಯಸ ತಳ ಹಿಡಿದ ಹಾಗೆ ವಾಸನೆ. ಎದುರಿಂದ ಬರುತ್ತಿದ್ದ ಟ್ರ್ಯಾಕ್ಟರಿನ ಮುದುಕಪ್ಪ ಕೈ ಎತ್ತಿ ಕೂಗಿದ: 'ಯವ್ವಾ, ಗಾಡಿ ನಿಂದರಸು, ಕೆಳಗ ಹೊಗಿ ಬರಾಕತ್ತೈತಿ!' ಇಳಿದು ಬಗ್ಗಿ ನೋಡಿದರೆ ಗಾಲಿ ತಿರುಗಿಸುವ ಆಕ್ಸಲ್ ಸುತ್ತ ಹುಲ್ಲು ಹಗ್ಗ ಹೊಸೆದ ಹಾಗೆ ಬಿಗಿದು ಸುತ್ತಿಕೊಂಡಿದೆ, ಸೈಲೆನ್ಸರ್ ಪೈಪಿಗೆ ತಾಗಿದ ಕಡೆ ಕಪ್ಪಾಗಿ ಕಿಡಿ ಹಿಡಿದಿದೆ. ಆ ಮುದುಕಪ್ಪ ಟ್ರ್ಯಾಕ್ಟರಿನಿಂದ ಕುಡುಗೋಲು ತಂದು, ನನ್ನ ರೇಷ್ಮೆ ಸೀರೆ ನೋಡಿ ನನ್ನನ್ನು ದೂರ ನಿಲ್ಲಿಸಿ, ತಾನೇ ಮಲಗಿ ಕೊಯ್ದು ಕೊಯ್ದು ತೆಗೆದ. ಕೊಡದ ನೀರು ಸುರಿದ. ಗಾಡಿ ಉಳಿಯಿತು, ಆದರೆ ಆಕ್ಸಲ್ ಬೂಟು ಹರಿದಿತ್ತು. ಅದು ಗ್ರೀಸ್ ತುಂಬಿದ ರಬ್ಬರಿನ ಚೀಲ, ಸಣ್ಣ ದುಡ್ಡಿನದು. ಹರಿದದ್ದನ್ನು ನೋಡದೆ ಧೂಳಿನಲ್ಲಿ ತಿಂಗಳು ಓಡಿಸಿದರೆ ಒಳಗಿನ ಜಾಯಿಂಟೇ ತಿಂದುಹೋಗಿ, ತಿರುವಿನಲ್ಲಿ ಕಟಕಟ ಅನ್ನುತ್ತದೆ, ಆಗ ಸಾವಿರಗಳ ಲೆಕ್ಕ. ಅಂದಿನಿಂದ ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಕುಡುಗೋಲು ಮಲಗಿದೆ. ನೀವೂ ಇಡಿ. ಹುಲ್ಲು ದಾಟಿದ ಮೇಲೆ ನಿಂತು ಒಮ್ಮೆ ಬಗ್ಗಿ ನೋಡಿ. ಸೊಂಟ ಕೈಕೊಟ್ಟಿದೆ ಎಂದಿದ್ದೀರಿ, ವಿದ್ಯಾರ್ಥಿಗಳಿಂದ ನೋಡಿಸಿ.

ಇನ್ನೊಂದು ನೀರಿನ ವಿಷಯ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದರೆ ನಮ್ಮ ಕಡೆ ಬೋರಿನ ಸವುಳು ನೀರು ಹೊಯ್ಯುವುದು ರೂಢಿ. ನಿಮ್ಮ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿ, ಬಿಳಿ ಸುಣ್ಣ ಕಟ್ಟಿರುತ್ತದಲ್ಲ? ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು, ಎಸಿ ಜೋರು, ಲಾರಿ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಉಷ್ಣದ ಗುರುತು ಕೆಂಪಾಗುತ್ತದೆ, ಎಂಜಿನ್ನಿನ ತಲೆಭಾಗ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೆಸರು ಕೆಡುವುದು ಕಂಪನಿಯದು, ಕೆಡಿಸಿದ್ದು ಬೋರಿನ ನೀರು. ಹಳೆಯ ಕಾರು ನೋಡುವಾಗ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಕೂಲಂಟಿನ ಬಣ್ಣ ನೋಡಿ. ಹಸಿರೋ ನೀಲಿಯೋ ತಿಳಿಯಾಗಿದ್ದರೆ ಸರಿ. ಚಹಾದ ಬಣ್ಣವಿದ್ದರೆ ನಮಸ್ಕಾರ ಹೇಳಿ ಬನ್ನಿ.

ಭತ್ತದ ನಾಡಿನ ಇಲಿಗಳು ವೈರ್ ಕಡಿಯುವ ಪುರಾಣ ಇನ್ನೊಂದು ಸಂಚಿಕೆಗೆ ಇರಲಿ. ಗೋದಾಮಿನ ಪಕ್ಕ ಕಾರು ನಿಲ್ಲಿಸಬೇಡಿ, ಸದ್ಯಕ್ಕೆ ಅಷ್ಟು ಸಾಕು.

ಸೌಲಭ್ಯಕ್ಕೆ ಬಂದರೆ ಹೋಂಡಾ ಪಕ್ಷದವರಿಗೆ ಹಬ್ಬ. ವಿಎಕ್ಸ್‌ನಲ್ಲಿ ಸನ್‌ರೂಫ್ ಇದೆ, ಸಿಯಾಜ್‌ನಲ್ಲಿ ಯಾವ ಮಾದರಿಗೂ ಇಲ್ಲ. ಆದರೆ ಮಾಸ್ತರ್ರೇ, ನಮ್ಮ ಬಿಸಿಲಿನಲ್ಲಿ ಮಾಡು ತೆರೆದುಕೊಂಡು ಯಾವ ಊರಿಗೆ ಹೋಗುತ್ತೀರಿ? ಆ ಸನ್‌ರೂಫಿನ ನಾಲ್ಕು ಮೂಲೆಯಿಂದ ಮಳೆನೀರು ಇಳಿಯಲು ತೆಳ್ಳನೆಯ ಪೈಪುಗಳಿರುತ್ತವೆ. ನಮ್ಮ ಕರಿ ಮಣ್ಣಿನ ಧೂಳು ಅದರಲ್ಲಿ ಕಟ್ಟಿ, ಮೊದಲ ಮಳೆಗೆ ನೀರು ಒಳಗೆ ಸುರಿದ ಗಾಡಿಗಳನ್ನು ತಮ್ಮ ಕಂಡಿದ್ದಾನೆ. ಆಲ್ಫಾದಲ್ಲಿ ಎಲ್‌ಇಡಿ ಪ್ರೊಜೆಕ್ಟರ್ ಹೆಡ್‌ಲೈಟ್ ಇದೆ. ಬೀದಿದೀಪವಿಲ್ಲದ ದಾರಿಯಲ್ಲಿ, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾದಾಗ ಅದರ ಬೆಲೆ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಸಿಯಾಜ್‌ನಲ್ಲಿ ಧಾರಾಳ ಜಾಗ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಅದಕ್ಕೆ 2650 ಮಿ.ಮೀ., ಸಿಟಿಗೆ 2600. ನಿಮ್ಮ ತಾಯಿಯವರನ್ನು ಎರಡರಲ್ಲೂ ಕೂರಿಸಿ, ಮುಖ್ಯವಾಗಿ ಎರಡರಿಂದಲೂ ಇಳಿಸಿ ನೋಡಿ. ಸೆಡಾನಿನಲ್ಲಿ ಕೂರುವುದು ಸುಲಭ, ಮೊಣಕಾಲು ನೋವಿನವರಿಗೆ ಏಳುವುದೇ ಕಷ್ಟ.

ಸಿಟಿಗೆ ಕೊಡಬೇಕಾದ ಎರಡು ಅಂಕ ಕೊಟ್ಟುಬಿಡುತ್ತೇನೆ. ಓಡಿಸುವವರಿಗೆ ಅದರಷ್ಟು ಖುಷಿ ಸಿಯಾಜ್ ಕೊಡುವುದಿಲ್ಲ. 119 ಅಶ್ವಶಕ್ತಿಗೂ 105ಕ್ಕೂ ಇರುವ ವ್ಯತ್ಯಾಸ ಗಂಗಾವತಿ ರಸ್ತೆಯಲ್ಲಿ ಅಕ್ಕಿ ಲಾರಿ ದಾಟುವಾಗ ಕಾಲಿಗೆ ತಿಳಿಯುತ್ತದೆ. ಇನ್ನೊಂದು ಸುರಕ್ಷತೆ. ಇದೇ ನಾಲ್ಕನೇ ಪೀಳಿಗೆಯ ಸಿಟಿಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಗುದ್ದಾಟದ ಪರೀಕ್ಷೆಯಲ್ಲಿ 5ಕ್ಕೆ 4 ನಕ್ಷತ್ರ ಬಂತು. ಸಿಯಾಜ್ ಆ ಪರೀಕ್ಷೆಗೆ ಕೂತೇ ಇಲ್ಲ. ಪರೀಕ್ಷೆಗೆ ಕೂರದ ವಿದ್ಯಾರ್ಥಿಗೆ ಎಷ್ಟು ಅಂಕ ಕೊಡಬೇಕು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಮನಸ್ಸಿಗೆ ಇದೇ ದೊಡ್ಡದು ಅನ್ನಿಸಿದರೆ ನನ್ನ ಮಾತು ಬಿಟ್ಟು ಸಿಟಿಯ ಕಡೆ ವಾಲಿ, ಬೇಜಾರಿಲ್ಲ. ಆದರೆ ಹೈದರಾಬಾದಿನ ಸಿಟಿ ಬೇಡ, ಕೆಎ ನಂಬರಿನದು ಹುಡುಕಿ.

ಯಾಕೆ ಅಂದರೆ, ಅದರ ಬೆಲೆ 6.60 ಅಲ್ಲವೇ ಅಲ್ಲ. ಟಿಎಸ್, ಎಂದರೆ ತೆಲಂಗಾಣ ನಂಬರಿನ ಗಾಡಿ ಇಲ್ಲಿ ನಿಮ್ಮ ಹೆಸರಿಗಾಗಬೇಕಾದರೆ ಅಲ್ಲಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎನ್ನುವ ಪತ್ರ, ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದ ಹೊಸ ಕಾರಿಗೆ ಈ ತೆರಿಗೆಯೇ ಶೇ. 17. ಹಳೆಯದಾದಷ್ಟೂ ಇಳಿಯುತ್ತದೆ, ಆದರೆ ಲೆಕ್ಕ ಹಿಡಿಯುವುದು ಗಾಡಿಯ ಮೂಲ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಲಕ್ಷ ದಾಟಿದರೂ ಆಶ್ಚರ್ಯವಿಲ್ಲ. ಆರ್‌ಟಿಒಗೆ ಹೋಗಿ ಮೊದಲೇ ಲೆಕ್ಕ ಹಾಕಿಸಿ. 'ಏನಾಗಲ್ಲ, ಹಂಗೇ ಓಡಿಸ್ರಿ' ಅನ್ನುವ ಏಜೆಂಟರ ಮಾತು ಕೇಳಿದರೆ, ಮುಂದೆ ಚೆಕ್‌ಪೋಸ್ಟಿನಲ್ಲಿ ನಿಂತು ಉತ್ತರ ಹೇಳುವವರು ನೀವು.

ಎರಡನೆಯದು ನೆರೆ. 2020ರ ಅಕ್ಟೋಬರ್ ಮಧ್ಯದಲ್ಲಿ ಹೈದರಾಬಾದಿನಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು, ಕಾರುಗಳು ಬೀದಿಯಲ್ಲಿ ದೋಣಿಯಂತೆ ತೇಲಿದವು. ಅವೆಲ್ಲ ಗುಜರಿಗೆ ಹೋದವು ಅಂದುಕೊಂಡಿರಾ? ಎರಡು ವರ್ಷದ ಹಿಂದೆ ನಮ್ಮ ಪರಿಚಯದವರೊಬ್ಬರು ಅಲ್ಲಿಂದ ಒಂದು ಕಾರು ತಂದು ತಮ್ಮನ ಮುಂದೆ ನಿಲ್ಲಿಸಿದರು. ಒಳಗೆ ಮಲ್ಲಿಗೆ ವಾಸನೆಯ ಸೆಂಟು, ಹೊಸ ಸೀಟ್ ಕವರು, ಹೊಳಪು. ತಮ್ಮ ಬಾನೆಟ್ ಕೂಡ ತೆಗೆಯಲಿಲ್ಲ. ಡ್ರೈವರ್ ಸೀಟಿನ ಬೆಲ್ಟು ಹಿಡಿದು ಎಳೆದ. ಸಾಮಾನ್ಯವಾಗಿ ನಾವು ಎಳೆಯುವಷ್ಟು ಎಳೆದರೆ ಶುದ್ಧ ಬೂದು ಬಣ್ಣ. ಅವನು ನಿಲ್ಲಿಸಲಿಲ್ಲ, ಇನ್ನು ಬರುವುದಿಲ್ಲ ಎನ್ನುವ ತನಕ ಎಳೆದ. ಕೊನೆಯ ಒಂದು ಮೊಳ ಬೆಲ್ಟಿನ ಮೇಲೆ ಕಂದು ಬಣ್ಣದ ಅಲೆಗೆರೆ, ಬೆರಳಿಟ್ಟರೆ ನುಣುಪು ಮಣ್ಣು. ತೊಳೆದವರು ಎಲ್ಲ ತೊಳೆದಿದ್ದರು, ಸುರುಳಿಯ ಒಳಗಿನದು ತೊಳೆಯುವುದಕ್ಕೆ ಆಗಿರಲಿಲ್ಲ. ಆ ಗಾಡಿಯ ಕಿಟಕಿ ಮೋಟಾರು, ಬಾಗಿಲ ಲಾಕು, ಮೀಟರು ಒಂದೊಂದಾಗಿ ನನ್ನ ಪುಸ್ತಕಕ್ಕೆ ಬಂದವು. ನೀವು ಎಲ್ಲಿಯ ಕಾರು ನೋಡಿದರೂ ನಾಲ್ಕೂ ಬೆಲ್ಟುಗಳನ್ನು ಕೊನೆ ತನಕ ಎಳೆಯಿರಿ. ಮಾರುವವರಿಗೆ ಮುಜುಗರವಾದರೆ ಆಗಲಿ.

ಮೂರನೆಯದು ಎರಡೂ ಕಾರಿಗೆ ಸೇರಿದ್ದು. 2018ರಲ್ಲಿ ತಯಾರಾದ ತನ್ನ 65,651 ಕಾರುಗಳನ್ನು ಹೋಂಡಾ 2020ರ ಜೂನ್‌ನಲ್ಲಿ ಫ್ಯೂಯೆಲ್ ಪಂಪ್ ಬದಲಿಸಲು ವಾಪಸ್ ಕರೆಯಿತು, ಅದರಲ್ಲಿ ಸಿಟಿಗಳೇ 16,434. 2024ರ ಅಕ್ಟೋಬರ್‌ನಲ್ಲಿ ಮತ್ತೆ 90 ಸಾವಿರಕ್ಕೂ ಹೆಚ್ಚು ಹಳೆಯ ಕಾರುಗಳನ್ನು ಅದೇ ಪಂಪಿಗಾಗಿ ಕರೆಯಿತು. ಮಾರುತಿಯೂ ಸಾಚಾ ಅಲ್ಲ. 2019ರ ಡಿಸೆಂಬರ್‌ನಲ್ಲಿ ಸ್ಮಾರ್ಟ್ ಹೈಬ್ರಿಡ್, ಎಂದರೆ ಎಂಜಿನ್ನಿಗೆ ಸಣ್ಣ ವಿದ್ಯುತ್ ಮೋಟಾರಿನ ನೆರವಿರುವ, ಪೆಟ್ರೋಲಿನ ಸಿಯಾಜ್, ಎರ್ಟಿಗಾ, ಎಕ್ಸ್‌ಎಲ್6 ಸೇರಿ 63,493 ಗಾಡಿಗಳನ್ನು ಮೋಟಾರ್ ಜನರೇಟರ್ ಪರೀಕ್ಷೆಗೆ ಕರೆಯಿತು. ಆ ವರ್ಷದ ಜನವರಿಯಿಂದ ನವೆಂಬರ್ ತನಕ ತಯಾರಾದವು ಅವು, ಅಂದರೆ ನಿಮ್ಮ ಕಣ್ಣಿಗೆ ಬಿದ್ದ ಕಾರೂ ಅದರಲ್ಲಿರಬಹುದು. ಕರೆದದ್ದು ಕಳಂಕವಲ್ಲ, ಕರೆದಾಗ ಮಾಲಕ ಹೋಗಲಿಲ್ಲ ಅಂದರೆ ಕಳಂಕ. ಚಾಸಿ ನಂಬರ್ ಹಿಡಿದು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೇಳಿ, ಆ ಕೆಲಸ ಆಗಿದೆಯೋ ಇಲ್ಲವೋ ಹೇಳುತ್ತಾರೆ. ಆಗಿರದಿದ್ದರೆ ದುಡ್ಡಿಲ್ಲದೆ ಮಾಡಿಕೊಡುತ್ತಾರೆ. ಅದೇ ಹೊತ್ತಿಗೆ ಹಳೆಯ ಸರ್ವೀಸುಗಳ ಕಿ.ಮೀ. ದಾಖಲೆಯನ್ನೂ ಕೇಳಿಬಿಡಿ. 62,000 ಎನ್ನುವ ಮೀಟರು ಮೂರು ವರ್ಷದ ಹಿಂದೆ 90,000 ಇತ್ತು ಎಂದು ಅಲ್ಲಿಯೇ ಹೊರಬೀಳುವುದುಂಟು.

ಕೊಪ್ಪಳದ ಸಿಯಾಜ್ ನೋಡಲು ಹೋದಾಗ ಬೆಳಗ್ಗೆಯೇ ಹೋಗಿ. 'ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ' ಎಂದು ಮೊದಲೇ ಹೇಳಿ. ಆ ಹೈಬ್ರಿಡ್ ಏರ್ಪಾಟಿಗಾಗಿ ಅದರಲ್ಲಿ ಎರಡು ಬ್ಯಾಟರಿ, ಒಂದು ಮಾಮೂಲು, ಇನ್ನೊಂದು ಲಿಥಿಯಂ. ಆ ಲಿಥಿಯಂದು ನಮ್ಮ ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ಮಾಲಲ್ಲ, ಕಂಪನಿಯಲ್ಲೇ ತರಬೇಕು, ತುಟ್ಟಿ. ಪರೀಕ್ಷೆ ಸುಲಭ. ಎಸಿ ಆರಿಸಿ, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ನ್ಯೂಟ್ರಲ್ ಮಾಡಿ ಕ್ಲಚ್ ಬಿಡಿ. ಎಂಜಿನ್ ತಾನೇ ಬಂದ್ ಆಗಬೇಕು, ಕ್ಲಚ್ ಒತ್ತಿದರೆ ಸದ್ದಿಲ್ಲದೆ ಚಾಲೂ ಆಗಬೇಕು. ಹಲವು ಸಲ ಮಾಡಿದರೂ ಆಗದಿದ್ದರೆ ಸ್ಕ್ಯಾನ್ ಮಾಡಿಸದೆ ಮುಂಗಡ ಕೊಡಬೇಡಿ. 81,000ಕ್ಕೆ ಕ್ಲಚ್ ಒಮ್ಮೆ ಬದಲಾಗಿರಬೇಕು ಇಲ್ಲವೇ ಬದಲಾಗುವ ಹೊತ್ತು. ನಿಂತುಹೋದ ಮಾದರಿ, ಕ್ಲಚ್ ಬಾಕಿ, ಟೈರು ಎಷ್ಟು ಉಳಿದಿವೆ, ಇವಿಷ್ಟನ್ನು ಮುಂದಿಟ್ಟು 6.30ರಿಂದ ಮಾತು ಶುರುಮಾಡಿ. ಉಳಿದ ದುಡ್ಡಿನಲ್ಲಿ ನಾಲ್ಕು ಬುಷ್, ಕೂಲಂಟು, ಒಂದು ಒಳ್ಳೆಯ ಸರ್ವೀಸು. ಬಿಲ್ಲು ನನ್ನ ಅಂಗಡಿಯದೇ ಆಗಬೇಕು ಅಂತೇನಿಲ್ಲ.

ಪ್ರಶ್ನೆ: ಅಕ್ಕ, ನಮ್ಮದು ಗಂಗಾವತಿಯಲ್ಲಿ ರೈಸ್ ಮಿಲ್. ಹೊಸ ಕಾರೇ ಬೇಕು, ದುಡ್ಡಿನ ಅಡ್ಡಿ ಇಲ್ಲ. ಹ್ಯುಂಡೈ ವೆರ್ನಾ ಟರ್ಬೊ ಆಟೊಮ್ಯಾಟಿಕ್ ಒಳ್ಳೆಯದೋ, ಸ್ಕೋಡಾ ಸ್ಲಾವಿಯಾ 1.5 ಆಟೊಮ್ಯಾಟಿಕ್ ಒಳ್ಳೆಯದೋ? ನಮ್ಮಪ್ಪನಿಗೂ ಓಡಿಸಲು ಆಗಬೇಕು.

ಉತ್ತರ: ತಮ್ಮಾ, ನೀನು ಕೇಳಿದ ಎರಡೂ ಕಾರು ನಿನಗೆ ಸರಿ, ನಿಮ್ಮಪ್ಪನಿಗೆ ಅಲ್ಲ. ವೆರ್ನಾ ಟರ್ಬೊಗೆ 160 ಅಶ್ವಶಕ್ತಿ, ಸ್ಲಾವಿಯಾ 1.5ಕ್ಕೆ 150. ಗುದ್ದಾಟದ ಪರೀಕ್ಷೆಯಲ್ಲಿ 2023ರಲ್ಲಿ ಎರಡಕ್ಕೂ 5 ನಕ್ಷತ್ರ. ಓಡಿಸಲು ಸ್ಲಾವಿಯಾ ಗಟ್ಟಿ ಅನ್ನಿಸುತ್ತದೆ, ನೆಲದಿಂದ 179 ಮಿ.ಮೀ. ಎತ್ತರವೂ ಇದೆ. ಸಲಕರಣೆಗಳ ಸಾಲು ವೆರ್ನಾದಲ್ಲಿ ಉದ್ದ. ಆದರೆ ಎರಡರ ಗೇರ್ ಬಾಕ್ಸೂ ಒಳಗೆ ಎರಡು ಕ್ಲಚ್ ಇರುವ ಏಳು ಗೇರಿನದು. ಖಾಲಿ ಹೈವೇಯಲ್ಲಿ ಬೆಣ್ಣೆ. ನಿಮ್ಮ ಮಿಲ್ಲಿನ ಗೇಟಿನಲ್ಲಿ ಭತ್ತದ ಲಾರಿಗಳ ಸಾಲಿನ ಹಿಂದೆ ಅರ್ಧ ಅಡಿ ಸರಿದು, ನಿಂತು, ಮತ್ತೆ ಅರ್ಧ ಅಡಿ ಸರಿಯುವಾಗ ಆ ಕ್ಲಚ್ಚುಗಳು ಬಿಸಿಯಾಗುತ್ತವೆ, 42 ಡಿಗ್ರಿಯಲ್ಲಿ ಇನ್ನೂ ಹೆಚ್ಚು. ಅದರ ರಿಪೇರಿ ಗಂಗಾವತಿಯ ಯಾವ ಉಸ್ತಾದನ ಕೈಯ ಕೆಲಸವೂ ಅಲ್ಲ, ರಾಯಚೂರಿನ ನನ್ನ ತಮ್ಮನದೂ ಅಲ್ಲ.

ಅಪ್ಪನೂ ಓಡಿಸುವ ಗಾಡಿ ಎಂದರೆ ಟರ್ಬೊ ಇಲ್ಲದ ವೆರ್ನಾ 1.5, ಹಂತಗಳಿಲ್ಲದೆ ಗೇರು ಬದಲಾಗುವ ಐವಿಟಿ ಗೇರ್ ಬಾಕ್ಸಿನದು ತಗೋ. 115 ಅಶ್ವಶಕ್ತಿ, ಎಳೆತ ನಿಧಾನ, ಜಗಳವಿಲ್ಲ. ಸ್ಲಾವಿಯಾದ ಮೇಲೆಯೇ ಮನಸ್ಸಿದ್ದರೆ 1.0 ಟಿಎಸ್‌ಐ ಎಂಬ ಸಣ್ಣ ಎಂಜಿನ್ನಿಗೆ ಕೊಡುವ ಹಳೆಯ ನಮೂನೆಯ, ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ನೋಡು. ಒಂದು ಸಮಾಚಾರ ನಿಮ್ಮಪ್ಪನಿಗೆ ಹೇಳು, ಖುಷಿಯಾಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಕಾರುಗಳಿಗೆ ಸೆಸ್ ಹೋಗಿ ಜಿಎಸ್‌ಟಿ ಶೇ. 40 ಆಯಿತು, ಮೊದಲು ಸೆಸ್ ಸೇರಿ ಶೇ. 45 ಇತ್ತು.

ಪ್ರಶ್ನೆ: ಕಪ್ಪು ಬಣ್ಣದ ಸೆಡಾನ್ ತೆಗೆದುಕೊಳ್ಳಬೇಕು ಎಂದು ಆಸೆ. ರಾಯಚೂರಿಗೆ ಆಗುತ್ತದೆಯೇ?

ಉತ್ತರ: ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಗಂಜ್ ಮಾರುಕಟ್ಟೆಯ ಹತ್ತಿರ ಬಿಸಿಲಲ್ಲಿ ನಿಂತ ಯಾವುದಾದರೂ ಕಪ್ಪು ಕಾರಿನ ಬಾಗಿಲ ಹಿಡಿಕೆ ಮುಟ್ಟಿ ನೋಡಿ. ಆಮೇಲೂ ಆಸೆ ಉಳಿದಿದ್ದರೆ ತೆಗೆದುಕೊಳ್ಳಿ, ನೆರಳಿಗೆ ಒಂದು ತಗಡಿನ ಶೆಡ್ಡೂ ಹಾಕಿಸಿ. ನನ್ನದು ಬಿಳಿ.